ಉದ್ದಿನ ವಡೆ ಕೊಟ್ಟ ಬಗ್

ಕಾಪು ಕಡಲಿನ ಒಂದು ತುಂಡನ್ನು ನಕ್ಷೆಯಲ್ಲಿ ಉದ್ದಕ್ಕೆ 10, ಅಗಲಕ್ಕೆ 10 ಚೌಕ ಮಾಡಿ. ಚೌಕಗಳು 100, ಗೆರೆ ಕೂಡುವ ಮೂಲೆಗಳು 121. ನೀರಿನ ಆಳವನ್ನು ಮೂಲೆ ಮೂಲೆಯಲ್ಲಿ ಅಳೆದೆವು ಅನ್ನಿ. ತಳದಲ್ಲಿ ಮರಳೋ ಬಂಡೆಯೋ ಅನ್ನೋದು ಇಡೀ ಚೌಕದ ಮಾಹಿತಿ. ಅಳೆದ ತಾರೀಕು ಇಡೀ ನಕ್ಷೆಗೆ ಒಂದೇ.

ವಿಲ್ ಶ್ರೋಡರ್, ಕೆನ್ ಮಾರ್ಟಿನ್, ಬಿಲ್ ಲಾರೆನ್ಸನ್ 1993ರಲ್ಲಿ ಶುರುಮಾಡಿದ ವಿಟಿಕೆ ಲೈಬ್ರರಿ ಈ ಮೂರನ್ನೂ ಬೇರೆ ಬೇರೆ ಇಡುತ್ತದೆ: ಪಾಯಿಂಟ್ ಡೇಟಾ, ಸೆಲ್ ಡೇಟಾ, ಫೀಲ್ಡ್ ಡೇಟಾ. ಅದರ ಮೇಲೆ ಪ್ರಾಜೆಕ್ಟಿಗಂತ ನಾವು ಬರೆಯೋ ಕೋಡ್ ಮಾತ್ರ ಸ್ವಲ್ಪ ಸೋಮಾರಿ. ಅರೇ ಉದ್ದ 121 ಇದ್ರೆ ಮೂಲೆಯದ್ದು, 100 ಇದ್ರೆ ಚೌಕದ್ದು ಅಂತ ಊಹಿಸಿಬಿಡುತ್ತದೆ.

ಈಗ ಉಡುಪಿ ಹೋಟೆಲಿನ ಉದ್ದಿನ ವಡೆಗೆ ಮೆಶ್ ಹಾಕೋಣ. ತೂತಿನ ಸುತ್ತ 40, ದಪ್ಪದ ಸುತ್ತ 20. ಒಟ್ಟು 800 ಚೌಕ. ಮೂಲೆ ಎಷ್ಟು? ಅದೂ 800! ಎರಡೂ ದಿಕ್ಕಿನ ಗೆರೆಗಳು ಹೊರಟಲ್ಲಿಗೇ ಬಂದು ಸೇರುತ್ತವೆ. ಅಂಚೇ ಇಲ್ಲದ ಮೇಲೆ ಹೆಚ್ಚುವರಿ ಮೂಲೆ ಎಲ್ಲಿಂದ ಬರಬೇಕು?

ಊಹೆ ಇಲ್ಲಿ ಕೈಕೊಡುತ್ತದೆ. ಚೌಕದ ಬೆಲೆಗಳು ಮೂಲೆಗೆ ಹೋಗಿ ಕೂರುತ್ತವೆ, ನಡುವೆ ಬಣ್ಣ ನುಣ್ಣಗೆ ಬೆರೆಯುತ್ತದೆ, ಚಿತ್ರ ಚಂದವೇ ಕಾಣ್ತದೆ. ಎರರ್ ಬರೋದೇ ಇಲ್ಲ ಮಾರಾಯ್ರೆ! ವಡೆಯ ಬದಲು ಅದೊಂದು ಓ-ರಿಂಗ್, ಬಣ್ಣ ತೋರಿಸೋದು ಸ್ಟ್ರೆಸ್ ಅಂತಿಟ್ಟುಕೊಳ್ಳಿ. ಅತಿ ಹೆಚ್ಚು ಸ್ಟ್ರೆಸ್ ಇರೋ ಜಾಗವೇ ರಿಪೋರ್ಟಿನಲ್ಲಿ ಆಚೀಚೆ ಸರಿದಿರುತ್ತದೆ.

ರಿಫ್ಯಾಕ್ಟರ್ ಮಾಡೋದು ಹೇಗೆ? ಮೊದಲು ಟೆಸ್ಟ್ ಬರೆಯಿರಿ. ಸರಿಯಾಗಿ ನಡೀತಿರೋದು ಬದಲಾವಣೆ ಆದಮೇಲೂ ಹಾಗೇ ನಡೀಬೇಕು. ಆಮೇಲೆ ಬಣ್ಣ ಹಚ್ಚುವ, ಕತ್ತರಿಸುವ, ಫೈಲಿಗೆ ಉಳಿಸುವ ಫಂಕ್ಷನ್‌ಗಳಲ್ಲಿ ಚದುರಿಹೋದ ಊಹೆಗಳನ್ನೆಲ್ಲ ತೆಗೆದು ಒಂದೇ ಫೀಲ್ಡ್ ಕ್ಲಾಸ್ ಮಾಡಿ. ಹೆಸರು, ಬೆಲೆಗಳು, ಜಾಗ ಮೂರನ್ನೂ ಅದು ಕೇಳಿ ಪಡೆಯಲಿ. ಅರೇ ಉದ್ದ ಇನ್ನು ತಾಳೆ ನೋಡೋಕೆ ಮಾತ್ರ, ತೀರ್ಮಾನ ಮಾಡೋಕಲ್ಲ.

ಹಳೇ ಫಂಕ್ಷನ್ನನ್ನು ಒಮ್ಮೆಲೇ ಅಳಿಸಬೇಡಿ, ಅದನ್ನು ನಂಬಿದ ಗೆಳೆಯರ ಕೋಡ್ ಮುರಿಯುತ್ತದೆ. ಪೈವಿಸ್ಟಾ ಲೈಬ್ರರಿ ‘ಪಾಯಿಂಟ್ ಅರೇಸ್’ ಅನ್ನೋ ಹೆಸರನ್ನು ‘ಪಾಯಿಂಟ್ ಡೇಟಾ’ ಅಂತ ಬದಲಿಸಿದಾಗ ಹಳೇ ಹೆಸರು ಬಳಸಿದವರಿಗೆ ಮೊದಲು ಎಚ್ಚರಿಕೆ ಕೊಟ್ಟಿತ್ತು. ನಾವೂ ಹಾಗೇ ಮಾಡಬಹುದು. ಆದರೆ ಮೂಲೆ, ಚೌಕಗಳ ಎಣಿಕೆ ಒಂದೇ ಆದಾಗ ಹಳೇ ಫಂಕ್ಷನ್ ಊಹಿಸದೆ ಎರರ್ ಕೊಟ್ಟು ನಿಲ್ಲಲಿ. ಕೋಡಿನ ನಡವಳಿಕೆ ಬದಲಾಗೋದು ಅಲ್ಲೊಂದು ಕಡೆ ಮಾತ್ರ, ಅದನ್ನು ಕಮಿಟ್ ಮೆಸೇಜಿನಲ್ಲಿ ಬರೆದಿಡಿ.

ಇವತ್ತು ರಾತ್ರಿ ನಿಮ್ಮ ಪ್ರಾಜೆಕ್ಟಿಗೂ ಒಂದು ವಡೆ ತಿನ್ನಿಸಿ ನೋಡಿ.