ಹಳೇ ಟ್ರ್ಯಾಕ್ಟರ್: ಶೋರೂಮಿಗೆ ಕೊಡಬೇಕೋ, ಊರ ಗಿರಾಕಿಗೆ ಮಾರಬೇಕೋ?

ದಸರೆ ಕಳೆದು ದೀಪಾವಳಿ ಹತ್ತಿರವಾದಂತೆ ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ ಟ್ರ್ಯಾಕ್ಟರ್ ವ್ಯಾಪಾರಕ್ಕೆ ಕಳೆ ಬರುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನಿಲ್ಲುವ 51 ಟಿಎಂಸಿ ನೀರು ಕಾಲುವೆ ಹಿಡಿದು ಹೊಲಗಳಿಗೆ ಹರಿಯುತ್ತದೆ. ಆ ನೀರಿನ ಮೇಲೆ ಬೆಳೆದ ಕಬ್ಬು ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ, ಮೂಡಲಗಿ ಭಾಗದ ಹುಣಶ್ಯಾಳದ ಸತೀಶ್ ಶುಗರ್ಸ್ ಮುಂತಾದ ಕಾರ್ಖಾನೆಗಳ ದಾರಿ ಹಿಡಿಯುತ್ತದೆ. ಹೊಲದಿಂದ ಕಾರ್ಖಾನೆಯ ಅಂಗಳದವರೆಗೆ ಅದನ್ನು ಎಳೆದೊಯ್ಯುವುದು ಟ್ರ್ಯಾಕ್ಟರ್. ಹಂಗಾಮಿನ ಬಾಗಿಲಲ್ಲಿ ನಿಂತ ರೈತನ ಮನೆಯಲ್ಲಿ ಆಗ ಏಳುವ ಪ್ರಶ್ನೆ ಒಂದೇ: ಹತ್ತು ವರ್ಷ ದುಡಿದ ಈ ಗಾಡಿಯನ್ನು ಶೋರೂಮಿಗೆ ಎಕ್ಸ್‌ಚೇಂಜ್ ಕೊಟ್ಟು ಹೊಸದು ತರುವುದೋ, ತಾವೇ ಗಿರಾಕಿ ಹುಡುಕಿ ರೋಖ ಎಣಿಸಿಕೊಳ್ಳುವುದೋ?

ಹೆಚ್ಚಿನವರು ಇದನ್ನು ಬರೀ ರೇಟಿನ ಪ್ರಶ್ನೆ ಎಂದು ತಿಳಿಯುತ್ತಾರೆ. ರೇಟಿನ ಮಾತೂ ಇದೆ. ಆದರೆ ರೈತರನ್ನು ಮುಂದೆ ಕಾಡುವ ಸಂಗತಿ ಬೇರೆ: ಗಾಡಿ ಹೋದ ಮೇಲೆ ಆರ್‌ಸಿಯಲ್ಲಿ ಯಾರ ಹೆಸರು ಉಳಿಯುತ್ತದೆ ಎಂಬುದು.

ಮೊದಲು ರೇಟಿನ ಲೆಕ್ಕ ನೋಡೋಣ. ಶೋರೂಮಿನವರು ಹಳೇ ಟ್ರ್ಯಾಕ್ಟರನ್ನು ತಾವು ಓಡಿಸಲಿಕ್ಕೆ ಕೊಳ್ಳುವುದಿಲ್ಲ. ಬಹುತೇಕ ಕಡೆ ಅವರ ಹಿಂದೆ ಇಬ್ಬರು ಮೂವರು ದಲ್ಲಾಳಿಗಳು ಇರುತ್ತಾರೆ. ಗಾಡಿಯ ಫೋಟೊ, ಮಾಡೆಲ್, ಗಂಟೆ ಮೀಟರಿನ ಓದು ಅವರ ಮೊಬೈಲಿಗೆ ಹೋಗುತ್ತದೆ. ಅವರು ಹೇಳಿದ ರೇಟಿನಿಂದ ಒಂದಿಷ್ಟು ಕಳೆದು ರೈತನಿಗೆ ಹೇಳಲಾಗುತ್ತದೆ. ದಲ್ಲಾಳಿಗೆ ಸಾಗಣೆ, ರಿಪೇರಿ, ಮಾರಾಟವಾಗುವವರೆಗಿನ ಬಡ್ಡಿ, ಮೇಲೆ ಲಾಭ ಎಲ್ಲ ಗಿಟ್ಟಬೇಕು. ಹೀಗಾಗಿ ಎಕ್ಸ್‌ಚೇಂಜ್ ರೇಟು ಊರ ರೇಟಿಗಿಂತ ಕಡಿಮೆ ಇರುವುದು ಸಹಜ. ಅದರಲ್ಲಿ ಮೋಸವೇನೂ ಇಲ್ಲ. ಮೋಸಕ್ಕೆ ಎಡೆಯಾಗುವುದು ಎರಡು ರೇಟುಗಳನ್ನು ಕಲಸಿ ಹೇಳಿದಾಗ.

ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳಿ. ಹೊಸ ಟ್ರ್ಯಾಕ್ಟರ್ 8,80,000 ರೂಪಾಯಿ, ನಿಮ್ಮ ಹಳೇ ಗಾಡಿಗೆ 3,60,000 ಕೊಡುತ್ತೇವೆ ಎನ್ನುತ್ತಾರೆ. ಊರಲ್ಲಿ ಒಬ್ಬ ಗಿರಾಕಿ 3,75,000ಕ್ಕೆ ಕೇಳಿದ್ದಾನೆ. ‘ಹದಿನೈದು ಸಾವಿರಕ್ಕೆ ಯಾಕ ಬೇಕು ತ್ರಾಸು, ಶೋರೂಮಿಗೇ ಕೊಟ್ಟು ಬಿಡೂಣು’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಆದರೆ ಅದೇ ಹೊಸ ಟ್ರ್ಯಾಕ್ಟರನ್ನು ಎಕ್ಸ್‌ಚೇಂಜ್ ಇಲ್ಲದೆ ಕೇಳಿದ್ದರೆ 8,40,000ಕ್ಕೆ ಸಿಗುತ್ತಿತ್ತು ಎನ್ನಿ. ಆಗ ಹಳೇ ಗಾಡಿಗೆ ನಿಜವಾಗಿ ಸಿಕ್ಕಿದ್ದು 3,20,000 ಮಾತ್ರ. ವ್ಯತ್ಯಾಸ ಹದಿನೈದು ಸಾವಿರವಲ್ಲ, ಐವತ್ತೈದು ಸಾವಿರ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮಾಡುವ ಹಾಗೆ, ಕೈಯ ಕೆಳಗೆ ಏನಾಯಿತೆಂಬುದು ಹೊರಗಿನವರಿಗೆ ಕಾಣದು. ಆದ್ದರಿಂದ ಹಳೇ ಗಾಡಿಯ ಸುದ್ದಿಯನ್ನೇ ಎತ್ತದೆ ಮೊದಲು ಹೊಸದರ ಕಡೇ ರೇಟನ್ನು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಬೇಕು. ಎಕ್ಸ್‌ಚೇಂಜಿನ ಮಾತು ಆಮೇಲೆ.

2025ರ ಸೆಪ್ಟೆಂಬರ್ 22ರಿಂದ ಈ ಲೆಕ್ಕಕ್ಕೆ ಇನ್ನೊಂದು ಎಳೆ ಸೇರಿದೆ. ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಅಂದು ಶೇ 12ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಎಂಟು ಲಕ್ಷ ಬೆಲೆಯ ಗಾಡಿ 8,96,000ದಿಂದ 8,40,000ಕ್ಕೆ ಬಂದಂತಾಯಿತು. 56,000 ರೂಪಾಯಿ ಕಡಿಮೆ. ಹೊಸದು ಅಗ್ಗವಾದಾಗ ಹಳೇದರ ರೇಟೂ ಜಗ್ಗುತ್ತದೆ. ಎರಡು ಮೂರು ವರ್ಷದ ಗಾಡಿ ಮಾರಲು ಹೊರಟವರಿಗೆ ಇದರ ಬಿಸಿ ಹೆಚ್ಚು, ಏಕೆಂದರೆ ಕೊಳ್ಳುವವನು ‘ಇನ್ನೊಂದಿಷ್ಟು ಹಾಕಿದರೆ ಹೊಸದೇ ಬರುತ್ತದೆ’ ಎಂದು ಲೆಕ್ಕ ಹಾಕುತ್ತಾನೆ. ತೆರಿಗೆ ಇಳಿಯುವ ಮೊದಲಿನ ರೇಟು ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಟ್ರ್ಯಾಕ್ಟರ್ ಟೈರು ಮತ್ತು ಬಿಡಿಭಾಗಗಳ ತೆರಿಗೆಯೂ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಹಾಗೆಂದು ಮಾರುವ ಮುನ್ನ ಹೊಸ ಟೈರು ಹಾಕಿಸುವುದು ಜಾಣತನವಲ್ಲ. ಆ ಹಣ ಪೂರ್ತಿ ತಿರುಗಿ ಬರುವುದು ಅಪರೂಪ.

ಇನ್ನು ಹತ್ತು ಹನ್ನೆರಡು ವರ್ಷದ ಗಾಡಿಗಳ ಕತೆ ಬೇರೆ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಕಟ್ಟುನಿಟ್ಟಾದ ಹೊಗೆ ನಿಯಮ ಬಂತು. ಆ ಸಾಲಿನ ಹೊಸ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಡೀಸೆಲ್ ಪಂಪು, ಸೆನ್ಸರುಗಳು ಸೇರಿಕೊಂಡವು. ಗಾಳಿಗೆ ಒಳ್ಳೆಯದೇ. ಆದರೆ ಊರ ಫಿಟ್ಟರಿನ ಸ್ಪ್ಯಾನರಿಗೆ ಇವು ಸುಲಭಕ್ಕೆ ಬಗ್ಗುವುದಿಲ್ಲ. ಆದ್ದರಿಂದ ಹಳೇ ಮೆಕ್ಯಾನಿಕಲ್ ಪಂಪಿನ, ಚೆನ್ನಾಗಿ ಇಟ್ಟುಕೊಂಡ ಗಾಡಿಯನ್ನು ಹುಡುಕಿಕೊಂಡು ಬರುವ ರೈತರು ಇಂದಿಗೂ ಇದ್ದಾರೆ. ಜಾತ್ರೆಗಳ ಟ್ರ್ಯಾಕ್ಟರ್ ಸ್ಪರ್ಧೆಗಳ ಹುಚ್ಚಿರುವ ಹುಡುಗರು ಬಂಪರು, ಹುಡ್ಡು, ಟೇಪು ಎಲ್ಲಕ್ಕೂ ಬೆಲೆ ಕಟ್ಟುತ್ತಾರೆ. ಶೋರೂಮಿನ ಕಾಗದದಲ್ಲಿ ಇವುಗಳಿಗೆ ಕಾಸಿನ ಕಿಮ್ಮತ್ತೂ ಇಲ್ಲ. ಇಂಥ ಗಾಡಿ ಇರುವವರು ಸ್ವಂತ ಮಾರಾಟವನ್ನೇ ಮೊದಲು ಯೋಚಿಸಬೇಕು.

ಮಾರುವ ಸಮಯವೂ ಮುಖ್ಯ. ಕಾರ್ಖಾನೆ ಶುರುವಾಗುವ ಮೊದಲು ಎಳೆಯುವ ಗಾಡಿಗೆ ಬೇಡಿಕೆ. ಹಂಗಾಮು ಮುಗಿದು ಫೆಬ್ರುವರಿ, ಮಾರ್ಚ್ ಬಂದರೆ ಮಾರುವವರೇ ಹೆಚ್ಚು. ಅವರಲ್ಲಿ ಅನೇಕರು ಮನಸ್ಸಿನಿಂದ ಮಾರುವವರಲ್ಲ. ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟು, ಗ್ಯಾಂಗು ಬಾರದೆ ಅಥವಾ ನಡುವೆ ಬಿಟ್ಟುಹೋಗಿ ಸಾಲದಲ್ಲಿ ಬಿದ್ದ ಟ್ರ್ಯಾಕ್ಟರ್ ಮಾಲೀಕರು ಈ ಭಾಗದಲ್ಲಿ ಕಡಿಮೆಯಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಗಿಳಿದರು; ಸರ್ಕಾರ 3,300ಕ್ಕೆ ಇತ್ಯರ್ಥ ಮಾಡಿತು. ಬೆಳೆಗಾರರ ಆ ಹೋರಾಟ ನ್ಯಾಯವಾದದ್ದು. ಆದರೆ ನುರಿಕೆ ತಡವಾದ ಪ್ರತಿ ದಿನವೂ ಸಾಲದ ಮೇಲೆ ತಂದ ಟ್ರ್ಯಾಕ್ಟರ್ ದುಡಿಯದೆ ನಿಲ್ಲುತ್ತದೆ, ಹಪ್ತೆ ಮಾತ್ರ ನಿಲ್ಲುವುದಿಲ್ಲ. ಹಪ್ತೆಯ ಒತ್ತಡದಲ್ಲಿರುವವನ ಕೈಯಿಂದ ಗಾಡಿ ಯಾವಾಗಲೂ ಕಡಿಮೆ ರೇಟಿಗೇ ಹೋಗುತ್ತದೆ, ಅದು ದಲ್ಲಾಳಿಗೆ ಚೆನ್ನಾಗಿ ಗೊತ್ತು.

ಹಂಗಾಮು ಎದುರಿಗಿದ್ದು ಕೈಯಲ್ಲಿ ಹಣವಿಲ್ಲದವರಿಗೆ ಎಕ್ಸ್‌ಚೇಂಜ್ ನಿಜವಾಗಿ ಉಪಯೋಗಕ್ಕೆ ಬರುವುದುಂಟು. ಹೊಸ ಟ್ರ್ಯಾಕ್ಟರ್ ಸಾಲಕ್ಕೆ ಕೈಯಿಂದ ಕಟ್ಟಬೇಕಾದ ಮಾರ್ಜಿನ್ ಹಣದ ಬದಲಿಗೆ ಹಳೇ ಗಾಡಿಯ ಬೆಲೆಯನ್ನೇ ಹಿಡಿಯಬಹುದು. ಒಂದೇ ದಿನದಲ್ಲಿ ಹಳೇದು ಹೋಗಿ ಹೊಸದು ಬರುತ್ತದೆ, ಹಂಗಾಮು ತಪ್ಪುವುದಿಲ್ಲ. ನಲವತ್ತು ಐವತ್ತು ಸಾವಿರ ಹೆಚ್ಚಿಗೆ ಸಿಗಲೆಂದು ಡಿಸೆಂಬರ್ ಪೂರ್ತಿ ಗಿರಾಕಿಯ ದಾರಿ ಕಾಯ್ದರೆ, ಆ ತಿಂಗಳ ಸಾಗಣೆಯ ದುಡಿಮೆಯಲ್ಲೇ ಅದಕ್ಕಿಂತ ಹೆಚ್ಚು ಕಳೆದುಕೊಂಡಿರಬಹುದು.

ಈಗ ಕಾಗದಪತ್ರದ ಮಾತು. ಇದನ್ನು ತುಸು ನಿಧಾನವಾಗಿ ಓದಬೇಕು.

ಹಳ್ಳಿಗಳಲ್ಲಿ ಇಂದಿಗೂ ನೂರು ರೂಪಾಯಿ ಬಾಂಡಿನ ಮೇಲೆ ‘ಇಂದಿನಿಂದ ಗಾಡಿಯ ಎಲ್ಲ ಜವಾಬ್ದಾರಿ ಕೊಂಡವರದು’ ಎಂದು ಬರೆಸಿ, ಸಾಕ್ಷಿಗಳ ಸಹಿ ಹಾಕಿಸಿದರೆ ವ್ಯವಹಾರ ಮುಗಿಯಿತೆಂಬ ನಂಬಿಕೆ ಇದೆ. ಕಾನೂನಿನ ಕಣ್ಣಿನಲ್ಲಿ ಅದು ಮುಗಿದಿರುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 50ನೇ ಕಲಮಿನ ಪ್ರಕಾರ ಮಾರಿದವನು ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವನು 30 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದವನ ತಿಳಿವಳಿಕೆಗೆ ಫಾರ್ಮ್ 29, ವರ್ಗಾವಣೆಗೆ ಫಾರ್ಮ್ 30.

ಮಾಡಿಸದಿದ್ದರೆ ಏನಾಗುತ್ತದೆ? ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಕೊಟ್ಟ ಒಂದು ತೀರ್ಪು ಇದಕ್ಕೆ ಉತ್ತರ. ಒಬ್ಬರು 2007ರಲ್ಲಿ ಕಾರು ಮಾರಿದರು. ಅದು ಕೈಯಿಂದ ಕೈಗೆ ದಾಟುತ್ತ ಹೋಯಿತು, ಆದರೆ ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಉಳಿಯಿತು. 2009ರಲ್ಲಿ ಅಪಘಾತವಾಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ನ್ಯಾಯಾಲಯ ಹೇಳಿತು. ಗಾಡಿ ಮಾರಿ ಎರಡು ವರ್ಷ ಕಳೆದಿತ್ತೆಂಬುದು ಅವರನ್ನು ಉಳಿಸಲಿಲ್ಲ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು, ಹಿಂದೆ ದೀಪವಿಲ್ಲದೆ ರಾತ್ರಿ ಹೊರಡುವ ಗಾಡಿಗಳ ಸೀಮೆಯಲ್ಲಿ ಈ ತೀರ್ಪಿನ ಭಾರ ಎಷ್ಟೆಂದು ಯಾರಾದರೂ ಊಹಿಸಬಹುದು. ವಿಮೆ ತುಂಬಿರದ ಗಾಡಿಯಾದರೆ ಹೊಲವನ್ನೇ ಮಾರಿ ಪರಿಹಾರ ಕಟ್ಟುವ ಪಾಳಿ ಬಂದೀತು.

ಎಕ್ಸ್‌ಚೇಂಜಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ರೈತ ಖಾಲಿ ಫಾರ್ಮುಗಳ ಮೇಲೆ ಸಹಿ ಮಾಡಿ ಕೊಟ್ಟು ಬರುತ್ತಾನೆ. ಗಾಡಿ ದಲ್ಲಾಳಿಯ ಅಂಗಳದಲ್ಲಿ ಆರು ತಿಂಗಳು ನಿಂತು, ಆಮೇಲೆ ಯಾವುದೋ ಜಿಲ್ಲೆಗೆ ಹೋಗುತ್ತದೆ. ಅಷ್ಟು ದಿನವೂ ಹೆಸರು ರೈತನದೇ. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ತಿದ್ದಿತು; 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಳೇ ವಾಹನಗಳ ವ್ಯಾಪಾರಿ ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು. ಮಾಲೀಕ ಗಾಡಿ ಒಪ್ಪಿಸಿದ್ದನ್ನು ಫಾರ್ಮ್ 29ಸಿಯಲ್ಲಿ ಸರ್ಕಾರಿ ಪೋರ್ಟಲ್ ಮೂಲಕ ದಾಖಲಿಸಿದರೆ, ಅಲ್ಲಿಂದಾಚೆ ಆ ವ್ಯಾಪಾರಿಯನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ. ಮುಂದಿನ ಹೊಣೆ ಅವನದು. ರೈತರಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇನ್ನೊಂದಿಲ್ಲ, ಆದರೂ ಶೋರೂಮಿನಲ್ಲಿ ಇದನ್ನು ಬಾಯಿಬಿಟ್ಟು ಕೇಳುವವರೇ ವಿರಳ. ‘29ಸಿ ಮಾಡಿ ಕೊಡ್ರಿ, ಆಮೇಲೆ ಚಾವಿ ಕೊಡ್ತೇನಿ’ ಎನ್ನುವುದು ರೈತನ ಹಕ್ಕು. ಅಧಿಕಾರಪತ್ರವೇ ಇಲ್ಲದ ವ್ಯಾಪಾರಿಗೆ, ಐದು ಹತ್ತು ಸಾವಿರ ಹೆಚ್ಚಿಗೆ ಕೊಟ್ಟರೂ, ಗಾಡಿ ಬಿಡಬಾರದು.

ಸಾಲದ ಕಾಗದ ಇನ್ನೊಂದು ತೊಡಕು. ಸಾಲ ತೀರಿ ಎಷ್ಟೋ ವರ್ಷವಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಆ ಬ್ಯಾಂಕು ಈಗ ಎಲ್ಲಿದೆ? ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾದೊಳಗೆ ಸೇರಿತು. ಧಾರವಾಡ ಕೇಂದ್ರವಾಗಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಹಳೇ ಸಾಲದ ಎನ್‌ಒಸಿಯನ್ನು ಈಗಿನ ಬ್ಯಾಂಕೇ ಕೊಡಬೇಕು, ಓಡಾಟಕ್ಕೆ ದಿನಗಳು ಹಿಡಿಯುತ್ತವೆ. ಪಿಎಲ್‌ಡಿ ಬ್ಯಾಂಕಿನಿಂದ ಹೊಲದ ಆಧಾರದ ಮೇಲೆ ತೆಗೆದ ಟ್ರ್ಯಾಕ್ಟರ್ ಸಾಲವಾದರೆ ಉತಾರದಲ್ಲಿ ಬೋಜಾ ಕೂತಿರುತ್ತದೆ, ಅದನ್ನೂ ಕಡಿಮೆ ಮಾಡಿಸಬೇಕು. ಗಾಡಿ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ಮಾರಾಟ. ಟ್ರೇಲರಿಗೂ ಸ್ವಂತ ನಂಬರ್, ಸ್ವಂತ ಆರ್‌ಸಿ ಇದ್ದರೆ ಅದರ ವರ್ಗಾವಣೆ ಬೇರೆಯೇ. ಇವನ್ನೆಲ್ಲ ದಸರೆಗೆ ಮೊದಲೇ ಮುಗಿಸಿಕೊಂಡವನ ಗಾಡಿಗೆ ಊರ ಗಿರಾಕಿಯೂ ಒಳ್ಳೆಯ ರೇಟು ಹೇಳುತ್ತಾನೆ, ಶೋರೂಮಿನವರೂ ಹೇಳುತ್ತಾರೆ.

ಹುಕ್ಕೇರಿ, ಸಂಕೇಶ್ವರದವರಿಗೆ ಗಡಿಯಾಚೆಯ ಗಡಹಿಂಗ್ಲಜ, ಕೊಲ್ಹಾಪುರ ಕಡೆಯ ಗಿರಾಕಿಗಳು ಸಿಗುವುದುಂಟು. ಒಳ್ಳೆಯ ಹಣ ಕೊಡುವವರೂ ಅವರಲ್ಲಿದ್ದಾರೆ. ಆದರೆ ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರ್ಮ್ 28ರಲ್ಲಿ ಆರ್‌ಟಿಒದ ಎನ್‌ಒಸಿ ಬೇಕೇ ಬೇಕು. ಅದಿಲ್ಲದೆ ಗಡಿ ದಾಟಿದ ಗಾಡಿಯ ಹೆಸರು ಬದಲಾಗುವುದು ದೂರದ ಮಾತು.

ಕೊಳ್ಳುವವನ ಕಣ್ಣು ಎಲ್ಲಿ ಹೋಗುತ್ತದೆಂದು ಮಾರುವವನಿಗೂ ಗೊತ್ತಿರಬೇಕು. ಬಣ್ಣ ಹೊಡೆಸಿ ಚಂದ ಮಾಡಿದ ಗಾಡಿಗೆ ಈ ಭಾಗದ ಅನುಭವಿಗಳು ಮರುಳಾಗುವುದಿಲ್ಲ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡುತ್ತಾರೆ. ನೀಲಿ ಹೊಗೆ ಬಂದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ ಎಂದರ್ಥ. ಕಬ್ಬು ಎಳೆದ ಗಾಡಿಯಾದರೆ ಕ್ಲಚ್ಚು, ಬ್ರೇಕು. ಹೊಲಕ್ಕಷ್ಟೇ ಬಳಸಿದ್ದಾದರೆ ಹೈಡ್ರಾಲಿಕ್ಕು, ಪಿಟಿಒ. ಚಾಸಿ ನಂಬರನ್ನು ಆರ್‌ಸಿಯ ಜೊತೆ ಅಕ್ಷರಕ್ಕಕ್ಷರ ತಾಳೆ ನೋಡುತ್ತಾರೆ. 2019ರ ಆಗಸ್ಟ್ ಪ್ರವಾಹದಲ್ಲಿ ಘಟಪ್ರಭೆ ಲೋಳಸೂರ ಸೇತುವೆಯನ್ನೇ ಮುಳುಗಿಸಿದ್ದನ್ನು ಕಂಡವರು ‘ಗಾಡಿ ಹೊಳಿನೀರಾಗ ನಿಂತಿತ್ತೇನು?’ ಎಂದೂ ಕೇಳುತ್ತಾರೆ. ನಿಜ ಹೇಳುವುದೇ ಲೇಸು. ಮುಚ್ಚಿಟ್ಟು ಮಾರಿದ ದೋಷ ವಾರದೊಳಗೆ ಬಯಲಾಗಿ, ಕೊಂಡವನು ಮನೆ ಮುಂದೆ ಬಂದು ನಿಂತರೆ ಹಣವೂ ಹೋಗುತ್ತದೆ, ಊರೊಳಗಿನ ಮಾತಿನ ಬೆಲೆಯೂ ಹೋಗುತ್ತದೆ.

ಹಣ ಪಡೆಯುವ ರೀತಿಯಲ್ಲೂ ಎಚ್ಚರ ಬೇಕು. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇಸಾರ ಕೈಗೆ ಪಡೆದರೂ ಉಳಿದದ್ದು ಖಾತೆಗೆ ಬರಲಿ, ಬಂದ ಮೇಲೆ ಗಾಡಿ ಹೋಗಲಿ. ‘ಅರ್ಧ ಈಗ, ಅರ್ಧ ಕಬ್ಬಿನ ಬಿಲ್ಲು ಬಂದ ಮೇಲೆ’ ಎನ್ನುವ ಉದ್ರಿ ವ್ಯವಹಾರ ಬೀಗರೊಳಗೂ ಬೇಡ.

ಕಾಗದ ಶುದ್ಧವಿದ್ದು, ಗಾಡಿ ಗಟ್ಟಿಯಿದ್ದು, ಕಾಯಲು ಎರಡು ತಿಂಗಳಿದ್ದವರು ತಾವೇ ಮಾರಲಿ. ಹಂಗಾಮು ತಲೆಯ ಮೇಲಿದ್ದು ಮಾರ್ಜಿನ್ ಹಣ ಕೈಯಲ್ಲಿಲ್ಲದವರು ಎಕ್ಸ್‌ಚೇಂಜ್ ಮಾಡಲಿ, ಆದರೆ ಎರಡೂ ರೇಟು ಬೇರೆ ಬೇರೆ ಬರೆಸಿಕೊಂಡು, 29ಸಿ ದಾಖಲಾದ ಮೇಲೆ. ಈ ಹಿಂದೆ ಬಾಂಡಿನ ಮೇಲೆ ಗಾಡಿ ಮಾರಿ ನಿಶ್ಚಿಂತರಾಗಿ ಕುಳಿತವರು ಇವತ್ತೇ ಆ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಲಿ. ಹೆಸರು ಇನ್ನೂ ಬದಲಾಗಿಲ್ಲವೆಂದು ಕಂಡರೆ ಕೊಂಡವನನ್ನು ಹುಡುಕಿ ಕರೆದುಕೊಂಡು ಆರ್‌ಟಿಒ ಕಚೇರಿಗೆ ಹೋಗಬೇಕು, ಅವನು ಸಿಗದಿದ್ದರೆ ಮಾರಾಟದ ಕಾಗದ ಹಿಡಿದು ಲಿಖಿತ ತಿಳಿವಳಿಕೆ ಕೊಟ್ಟು ಸ್ವೀಕೃತಿ ಪಡೆಯಬೇಕು.