ಹನಿ ಹನಿ ಬೆಳಕು ಕೂಡಿ

ಮಾರ್ಚ್ ತಿಂಗಳ ರಾತ್ರಿ ಹತ್ತರ ಹೊತ್ತಿಗೆ, ಊರ ದೀಪಗಳಿಂದ ದೂರ ಹೋಗಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಸಪ್ತರ್ಷಿ ಮಂಡಲ ಕಾಣುತ್ತದೆ. ಅದರ ಪುಲಸ್ತ್ಯ ನಕ್ಷತ್ರದಿಂದ ಕ್ರತುವಿಗೆ ಗೆರೆ ಎಳೆದು, ಅಷ್ಟೇ ದೂರ ಮುಂದಕ್ಕೆ ಹೋಗಿ. ಬರಿಗಣ್ಣಿಗೆ ಅಲ್ಲಿ ಕತ್ತಲೆಯಷ್ಟೇ. ಬೈನಾಕ್ಯುಲರ್ ಹಿಡಿದರೆ ಎರಡು ಮಸುಕು ಮಚ್ಚೆಗಳು ಕಾಣುತ್ತವೆ. 1774ರ ಡಿಸೆಂಬರ್ 31ರಂದು ಬರ್ಲಿನ್‌ನಲ್ಲಿ ಖಗೋಳಜ್ಞ ಯೋಹಾನ್ ಬೋಡೆ ಕಂಡದ್ದು ಇವನ್ನೇ. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಈ ಗ್ಯಾಲಕ್ಸಿಗಳಿಗೆ ಈಗ ಎಂ81, ಎಂ82 ಎಂದು ಹೆಸರು. ಪಕ್ಕದಲ್ಲೇ ಎನ್‌ಜಿಸಿ 3077 ಎಂಬ ಚಿಕ್ಕದೊಂದಿದೆ.

ಈ ಮೂರನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ನನ್ನ ಪ್ರತಿ ಬೇಸಿಗೆಯ ಕೆಲಸ. ಮೊದಲು ದೂರದರ್ಶಕದ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು. ದಕ್ಷಿಣ ಕರ್ನಾಟಕದಲ್ಲಿ ಧ್ರುವ ಇರುವುದು ದಿಗಂತದಿಂದ 13 ಡಿಗ್ರಿ ಮೇಲೆ ಮಾತ್ರ. ಒಂದು ತೆಂಗಿನ ಮರ ಸಾಕು, ಮರೆಯಾಗಲು. ಮೂರು ನಿಮಿಷ ತೆರೆದಿಟ್ಟು ತೆಗೆದ ಮೊದಲ ಫೋಟೊ ರವೆ ಚೆಲ್ಲಿದಂತೆ ಕಾಳುಕಾಳಾಗಿರುತ್ತದೆ. ಆದರೆ ಗ್ಯಾಲಕ್ಸಿಯ ಬೆಳಕು ಪ್ರತಿ ಸಲವೂ ಅದೇ ಜಾಗದಲ್ಲಿ ಬೀಳುತ್ತದೆ, ಕಾಳುಗಳು ಮಾತ್ರ ಜಾಗ ಬದಲಿಸುತ್ತವೆ. ಅಂಥ ನೂರು ಫೋಟೊಗಳನ್ನು ಕೂಡಿಸಿ ಸರಾಸರಿ ತೆಗೆದರೆ ಆ ಕಾಳುಗಳ ಗದ್ದಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಆಗ ಎಂ81ರ ಸುರುಳಿ ತೋಳುಗಳು ಮೂಡುತ್ತವೆ. ಹೈಡ್ರೋಜನ್-ಆಲ್ಫಾ ಫಿಲ್ಟರ್ ಹಾಕಿ ಇನ್ನಷ್ಟು ಕಾದರೆ ಎಂ82ರ ನಡುವಿನಿಂದ ಎರಡೂ ಬದಿಗೆ ಕೆಂಪು ಕುಚ್ಚುಗಳು ಚಿಮ್ಮಿರುವುದು ಕಾಣುತ್ತದೆ. ಹತ್ತಾರು ಕೋಟಿ ವರ್ಷಗಳ ಹಿಂದೆ ಈ ಎರಡು ಗ್ಯಾಲಕ್ಸಿಗಳು ತೀರ ಹತ್ತಿರ ಹಾದುಹೋದವು. ದೊಡ್ಡದರ ಸೆಳೆತಕ್ಕೆ ಎಂ82ರ ಅನಿಲ ಕಲಕಿ ನಡುವಿಗೆ ನುಗ್ಗಿತು, ನಕ್ಷತ್ರಗಳು ಒತ್ತೊತ್ತಾಗಿ ಹುಟ್ಟಿದವು. ಅವುಗಳ ಮಾರುತ ಮತ್ತು ಸ್ಫೋಟಗಳೇ ಈ ಕೆಂಪು ಅನಿಲವನ್ನು ಹೊರಕ್ಕೆ ದೂಡುತ್ತಿವೆ. ನಮ್ಮ ಕ್ಯಾಮೆರಾಗೆ ಎಟುಕದ ಸಂಗತಿಯೂ ಒಂದಿದೆ. ಮೂರನ್ನೂ ಹೆಣೆದಿರುವ ತಣ್ಣನೆಯ ಹೈಡ್ರೋಜನ್ ಎಳೆಗಳನ್ನು 1994ರಲ್ಲಿ ಪ್ರಕಟವಾದ ರೇಡಿಯೊ ನಕ್ಷೆ ತೋರಿಸಿತು. ಅದನ್ನು ತಿಳಿದ ಮೇಲೆ ಈ ಚಿತ್ರದಲ್ಲಿ ಮೂರು ಬಿಡಿ ಗ್ಯಾಲಕ್ಸಿಗಳು ಕಾಣುವುದಿಲ್ಲ, ಒಂದು ಮನೆತನ ಕಾಣುತ್ತದೆ.

2014ರ ಜನವರಿ 21ರಂದು ಲಂಡನ್‌ನಲ್ಲಿ ಅಧ್ಯಾಪಕ ಸ್ಟೀವ್ ಫಾಸಿ, ಮೋಡ ಕವಿಯುವ ಮುನ್ನ ವಿದ್ಯಾರ್ಥಿಗಳಿಗೆಂದು 35 ಸೆಂಟಿಮೀಟರ್ ದೂರದರ್ಶಕವನ್ನು ಎಂ82ರತ್ತ ತಿರುಗಿಸಿದರು. ಅಲ್ಲಿ ಹಿಂದೆ ಇಲ್ಲದ ಒಂದು ಚುಕ್ಕಿ ಬೆಳಗುತ್ತಿತ್ತು, ಸೂಪರ್‌ನೋವಾ. ಅಂದಿನಿಂದ ನನಗೊಂದು ರೂಢಿಯಾಗಿದೆ: ಹೊಸ ಚಿತ್ರ ಸಿದ್ಧವಾದ ಕೂಡಲೇ ಕಳೆದ ವರ್ಷದ್ದನ್ನು ಅದರ ಪಕ್ಕದಲ್ಲಿಟ್ಟು, ಚುಕ್ಕಿ ಚುಕ್ಕಿಯನ್ನೂ ಹೋಲಿಸಿ ನೋಡುತ್ತೇನೆ.