ಲೆಕ್ಕ ಬರೆಯುವವರ ಮೇಲೂ ಕಣ್ಣು

ಪ್ರಶ್ನೆ: ಲಂಡನ್ನಿನಲ್ಲಿರುವ ನನ್ನ ತಂಗಿ ಮನೆಯಿಂದಲೇ ಅಂಗಡಿಗಳ ಲೆಕ್ಕ ಬರೆದುಕೊಡಬೇಕೆಂದಿದ್ದಾಳೆ. ಅದಕ್ಕೆ ವೃತ್ತಿಸಂಸ್ಥೆಯ ಸದಸ್ಯತ್ವ ಬೇಕೇ?

ಉತ್ತರ: ಸದಸ್ಯತ್ವ ಕಡ್ಡಾಯವಲ್ಲ, ಕಪ್ಪುಹಣ ತಡೆಗಾಗಿ ಇರುವ ಮೇಲ್ವಿಚಾರಣೆ ಕಡ್ಡಾಯ. ಹತ್ತು ಗಿರಾಕಿಗಳೂ ಬಾರದ ಸಲೂನು ದಿನಕ್ಕೆ ನೂರು ಜನರ ನಗದು ತೋರಿಸಿದರೆ, ಕಪ್ಪುಹಣ ಬಿಳಿಯಾಗುತ್ತಿರುವ ಆ ಸುಳಿವು ಮೊದಲು ಕಣ್ಣಿಗೆ ಬೀಳುವುದು ಲೆಕ್ಕ ಬರೆಯುವವರಿಗೆ. ಹಾಗಾಗಿಯೇ ಬ್ರಿಟನ್ನಿನ 2017ರ ಕಪ್ಪುಹಣ ತಡೆ ನಿಯಮಗಳು ಸ್ವಂತವಾಗಿ ಈ ಕೆಲಸ ಮಾಡುವವರನ್ನೂ ಒಳಗೊಂಡಿವೆ. ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯಲ್ಲಿ ಮೇಲ್ವಿಚಾರಣೆಗೆ ನೋಂದಾಯಿಸಿಕೊಳ್ಳಬಹುದು. ಇಲ್ಲವೇ ಎಎಟಿ, ಐಸಿಬಿಯಂಥ ವೃತ್ತಿಸಂಸ್ಥೆ ಸೇರಬಹುದು. ಆದರೆ ಬರೀ ಸದಸ್ಯತ್ವ ಸಾಲದು, ವೃತ್ತಿ ಪರವಾನಗಿಯೂ ಬೇಕು. ವಾಹನ ಕಲಿಯುವವರ ಎಲ್‌ಎಲ್ ಹಿಡಿದು ಟ್ಯಾಕ್ಸಿ ಓಡಿಸಲಾಗದಲ್ಲ! ಸಂಸ್ಥೆಯಲ್ಲಾದರೆ ತರಬೇತಿ, ಮಾರ್ಗದರ್ಶನವೂ ಸಿಗುತ್ತದೆ. ಒಂಟಿಯಾಗಿ ಶುರುಮಾಡುವವರಿಗೆ ಅದೇ ಮೇಲು. ಮೊದಲ ಗಿರಾಕಿ ಬರುವ ಮುನ್ನವೇ ಈ ಎರಡರಲ್ಲೊಂದನ್ನು ಮುಗಿಸಿಕೊಳ್ಳಲು ಹೇಳಿ. ಮೇಲ್ವಿಚಾರಣೆಯಿಲ್ಲದೆ ಕೆಲಸ ಮಾಡುವುದು ಅಲ್ಲಿ ಅಪರಾಧ.